ನದಿ ಮೆಟ್ಟಿಲ ಮೇಲಿನ ಜಗಳ

ಆಸ್ಪತ್ರೆಯ ಹಿಂಭಾಗದಲ್ಲಿ, ಹೆಣದ ಕೋಣೆಗೂ ಅಡುಗೆಮನೆಗೂ ನಡುವೆ, ಬಟ್ಟೆ ಒಗೆಯುವ ವಿಭಾಗವಿದೆ. ರೋಗಿಗಳ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವೂ ತಳ್ಳುಗಾಡಿಯಲ್ಲಿ ಬಂದು ಬೀಳುವುದು ಅಲ್ಲಿಗೇ. ಅಲ್ಲಿಯ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಅವಳಿಗಿಂತ ವಯಸ್ಸಾದ ಡಾಕ್ಟರೂ ದೊಡ್ಡಕ್ಕ ಎಂದೇ ಕರೆಯುತ್ತಾರೆ, ಅದೂ ಸ್ವಲ್ಪ ದೂರದಲ್ಲಿ ನಿಂತು.

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಚಾದರದ ಮಡಿಕೆಯಲ್ಲಿ ಇಂಜೆಕ್ಷನ್ ಸೂಜಿ ಮರೆತು ಕಳಿಸಿದ ನರ್ಸನ್ನು ವಾರ್ಡು ವಾರ್ಡು ಹುಡುಕಿಕೊಂಡು ಹೋಗಿ, ರೋಗಿಗಳ ಎದುರೇ ನೀರಿಳಿಸಿ ಬಂದಿದ್ದಳು. ಹೊಸಬರಿಗೆ ಕೆಲಸ ಕಲಿಸುವುದೂ ಬೈಗುಳದ ಧಾಟಿಯಲ್ಲೇ. "ರಕ್ತದ ಕಲೆಗೆ ತಣ್ಣೀರು ಕಣೇ, ತಣ್ಣೀರು! ಬಿಸಿನೀರು ಹೊಯ್ದ್ರೆ ಅಲ್ಲೇ ಕಚ್ಕೊಂಡ್ಬಿಡುತ್ತೆ. ನಿಮ್ಮಪ್ಪ ಬಂದ್ರೂ ಹೋಗಲ್ಲ."

ಈ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಅದು ಅವಳ ತಂಗಿ ಕೊಟ್ಟು ಹೋದದ್ದು.

ತಂಗಿಗೆ ಮನೆಯಲ್ಲಿ ಪುಟ್ಟಿ ಎಂದು ಹೆಸರು. ತಾಯಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋದಾಗ ದೊಡ್ಡಕ್ಕ ಆಗತಾನೆ ಆಸ್ಪತ್ರೆಯ ಕೆಲಸಕ್ಕೆ ಸೇರಿದ್ದಳು. ಹಗಲು ಪುಟ್ಟಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಪಕ್ಕದ ಮನೆಯವಳಿಗೆ "ಅಮ್ಮನ್ನ ಒಂಚೂರು ನೋಡ್ಕೊಳಿ, ಔಷಧಿ ತರ್ತೀನಿ" ಎಂದು ಹೇಳಿ ಹೋದಳು. ಹೋದದ್ದು ಔಷಧಿ ಅಂಗಡಿಗಲ್ಲ. ಸೇತುವೆ ದಾಟಿ, ಗಡಿಯಾಚೆಯ ನದಿಯೂರಿನ ಒಬ್ಬ ದೋಣಿ ಮೆಕ್ಯಾನಿಕ್‌ನನ್ನು ಮದುವೆಯಾಗುವುದಕ್ಕೆ. ಆ ಸುದ್ದಿ ಮನೆಗೆ ಮುಟ್ಟುವಷ್ಟರಲ್ಲಿ ಎರಡು ಸರ್ಕಾರಗಳ ನಡುವೆ ಜಗಳ ಹತ್ತಿತು. ಸೇತುವೆಗೆ ಮುಳ್ಳುತಂತಿ ಬಿತ್ತು. ಫೋನೂ ಹೋಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ದೊಡ್ಡಕ್ಕನ ಬದುಕೆಂದರೆ ಹಗಲು ತಾಯಿಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ಆಸ್ಪತ್ರೆಯ ಚಾದರ, ಸಂಜೆ ಮನೆಯ ಚಾದರ. ತಾಯಿಯನ್ನು ಮಗ್ಗುಲಾಗಿಸಿ ಬೆನ್ನು ಒರೆಸುವುದು, ಚಮಚದಲ್ಲಿ ಗಂಜಿ ಕುಡಿಸುವುದು, ಒದ್ದೆಯಾದದ್ದನ್ನು ಎಳೆದು ಒಣಗಿದ್ದನ್ನು ಹಾಸುವುದು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದ ಒಬ್ಬ ಅವಳನ್ನು ಮೆಚ್ಚಿದ್ದ. ಮದುವೆಯ ಮಾತೂ ನಡೆದಿತ್ತು. "ನಿಮ್ಮಮ್ಮನ್ನ ಎಲ್ಲಾದ್ರೂ ಸೇರಿಸಿ" ಎಂದು ಅವನು ಅಂದ ದಿನವೇ ಇವಳು ಮುರಿದುಕೊಂಡಳು. ಇದೆಲ್ಲವನ್ನೂ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದೇ. ತಾಯಿಗೆ ಅರಿವು ಮಸುಕಾಗುತ್ತ ಬಂದಂತೆ ಎದುರಿಗಿದ್ದ ಮಗಳು ಮರೆತುಹೋದಳು. ಗಂಜಿ ಕುಡಿಸುವ ಕೈಯನ್ನು ಹಿಡಿದುಕೊಂಡು "ಪುಟ್ಟೀ, ಬಂದ್ಯೇನೇ?" ಎನ್ನುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಫೋನು ಸರಿಹೋಯಿತು. ಸರಕಿನ ಲಾರಿಗಳನ್ನೂ ಬಿಡತೊಡಗಿದರು, ಜನರನ್ನು ಮಾತ್ರ ಬಿಡಲಿಲ್ಲ. ಪುಟ್ಟಿ ಫೋನ್ ಮಾಡುತ್ತಿದ್ದಳು. "ಅಮ್ಮ ಮಲಗಿದ್ದಾಳೆ" ಎನ್ನುವುದು, ಫೋನ್ ಇಡುವುದು. ದೊಡ್ಡಕ್ಕ ಅವಳ ಜೊತೆ ಬೇರೆ ಮಾತೇ ಆಡಿದವಳಲ್ಲ. ಮುಂದೆ ತಾಯಿಯೂ ಹೋದಳು. ಕಾಲ ಕಳೆದಂತೆ ತಂಗಿಯ ಫೋನೂ ನಿಂತಿತು.

ಕಳೆದ ವರ್ಷ ಗಡಿ ತೆರೆಯಿತು. ಪೂರ್ತಿ ಅಲ್ಲ, ಬಾಗಿಲು ಸಂದಿ ಮಾಡಿದಷ್ಟು. ಈ ಕಡೆಯವರು ಗೈಡ್ ಜೊತೆ, ಗುಂಪಿನಲ್ಲಿ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬಹುದು. ಆ ಕಡೆಯವರಿಗೆ ಇನ್ನೂ ಅಪ್ಪಣೆ ಇಲ್ಲ. ಹಳೆಯ ಕೋಟೆ, ಕಲ್ಲಿನ ಸುಂಕದ ಕಟ್ಟೆ, ನದಿ ಮೆಟ್ಟಿಲು, ದೋಣಿ ಕಟ್ಟುವವರ ಬೀದಿ ಎಂದು ಬಸ್ ಕಂಪನಿಗಳು ಗೋಡೆಗಳ ತುಂಬ ಚಿತ್ರ ಅಂಟಿಸಿದವು. ವಿಭಾಗದಲ್ಲಿ ದೊಡ್ಡಕ್ಕನ ಎದುರು ನಿಂತು ಚಾದರ ಮಡಚುವ ಹೆಂಗಸಿಗೆ ಬಾಯಿ ನಿಲ್ಲುವುದಿಲ್ಲವಾಗಿ ರೇಡಿಯೋ ಎಂದು ಹೆಸರು. ಅವಳು ಹಿಂದೆ ಬಿದ್ದಳು.

"ಬನ್ನಿ ಅಕ್ಕಾ, ಒಂದಿನ ಹೋಗಿ ಬರೋಣ. ನೀವು ಈ ಹಬೆಯಲ್ಲೇ ಬೆಂದು ಸಾಯ್ತೀರಾ?"

"ಆ ಊರಿಗೆ ನಾನ್ ಕಾಲಿಡಲ್ಲ."

"ತಂಗಿ ಇದಾಳಲ್ಲ ಅಲ್ಲಿ?"

ದೊಡ್ಡಕ್ಕ ಚಾದರದ ಎರಡು ಮೂಲೆಗಳನ್ನು ಹಿಡಿದು ಪಟ್ಟೆಂದು ಎಳೆದಳು. ರೇಡಿಯೋ ಮುಗ್ಗರಿಸಿದಳು. ಇನ್ನೆರಡು ಚಾದರ ಮಡಚಿದ ಮೇಲೆ ದೊಡ್ಡಕ್ಕನೇ ಹೇಳಿದಳು: "ಬರ್ತೀನಿ. ಅವಳ ಮುಖಕ್ಕೆ ಉಗಿದು ಬರೋಕಾದ್ರೂ ಬರ್ತೀನಿ."

ಆ ಸಂಜೆ ತಂಗಿಗೆ ತಾನೇ ಮೊದಲ ಬಾರಿಗೆ ಫೋನ್ ಮಾಡಿದಳು. "ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ನದಿ ಮೆಟ್ಟಿಲ ಹತ್ರ ಬಾ" ಎಂದು ಹೇಳಿ, ಆ ಕಡೆಯಿಂದ ಉಸಿರು ಕೇಳುವ ಮೊದಲೇ ಇಟ್ಟಳು.

ಗಡಿಯಲ್ಲಿ ಎಲ್ಲರನ್ನೂ ಬಸ್ಸಿನಿಂದಿಳಿಸಿ ತಗಡಿನ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದರು. ಸಂಬಂಧಿಕರನ್ನು ನೋಡಲು ಹೋಗುವವರಿಗೆ ಬೇರೆ ಅನುಮತಿ ಬೇಕು, ಅದು ಯಾರಿಗೂ ಸಿಕ್ಕಿದ್ದಿಲ್ಲ. ಕಿಟಕಿಯೊಳಗಿನ ಅಧಿಕಾರಿ ಮುಖ ಎತ್ತದೆ ಕೇಳಿದ: "ಆ ಕಡೆ ಯಾರಾದ್ರೂ ಸಂಬಂಧಿಕರು?"

"ಯಾರೂ ಇಲ್ಲ" ಎಂದಳು ದೊಡ್ಡಕ್ಕ. ಆ ಮಾತು ಎಷ್ಟು ಖಾರವಾಗಿ ಬಂತೆಂದರೆ ಅವನು ಮುಖ ಎತ್ತಿ ನೋಡಿದ.

ಗೈಡ್ ಕುತ್ತಿಗೆಗೆ ಸೀಟಿ, ಕೈಗೆ ಹಳದಿ ಬಾವುಟ ಇದ್ದ ಯುವಕ. ಅವನಿಗೆ ಬಸ್ಸಿನವರು ಆಗಲೇ ಪೀಪಿ ಎಂದು ಹೆಸರಿಟ್ಟಿದ್ದರು. ಸೇತುವೆ ದಾಟುವಾಗ ಮೈಕು ಹಿಡಿದು, "ನೋಡಿ, ಈ ಊರಿನ ಜನ ತುಂಬ ಶಾಂತ ಸ್ವಭಾವದೋರು. ಜಗಳ ಅಂದ್ರೇನೇ ಗೊತ್ತಿಲ್ಲ" ಎಂದ. ಕಿಟಕಿಯಾಚೆ ಸೇತುವೆಯ ಕಂಬಿಗಳಿಗೆ ತುಕ್ಕು ಹಿಡಿದ ಮುಳ್ಳುತಂತಿ ಇನ್ನೂ ಸುತ್ತಿಕೊಂಡಿತ್ತು. ಅದನ್ನು ಕತ್ತರಿಸಿ ಪಕ್ಕಕ್ಕೆ ತಳ್ಳಿದ್ದರು ಅಷ್ಟೆ. ದೊಡ್ಡಕ್ಕ ಹಲ್ಲು ಕಡಿದಳು. ಇಷ್ಟು ಚಿಕ್ಕ ಸೇತುವೆಯೇ? ರೇಡಿಯೋ ಒಂದು ಮಾತು ಶುರು ಮಾಡಿ ಮುಗಿಸುವುದರೊಳಗೆ ಬಸ್ಸು ಆಚೆ ದಡದಲ್ಲಿತ್ತು.

ಕೋಟೆ ಹತ್ತಿದರು, ಇಳಿದರು. ಸುಂಕದ ಕಟ್ಟೆಯ ಮುಂದೆ ಫೋಟೋ ತೆಗೆಸಿಕೊಂಡರು. ದೊಡ್ಡಕ್ಕ ಯಾವುದನ್ನೂ ನೋಡಲಿಲ್ಲ. ತಂಗಿಗೆ ಹೇಳಬೇಕಾದ ಮಾತುಗಳನ್ನು ಒಳಗೊಳಗೇ ಮಸೆಯುತ್ತಿದ್ದಳು. ಊಟದ ಹೊತ್ತು ಹತ್ತಿರವಾದಾಗ ಪೀಪಿ ಮತ್ತೆ ಮೈಕು ಹಿಡಿದ.

"ಗಡಿಯಲ್ಲಿ ತಡ ಆಯ್ತಲ್ಲ, ಹಾಗಾಗಿ ನದಿ ಮೆಟ್ಟಿಲು ಈ ಸಲ ಇಲ್ಲ. ಅದರ ಬದಲು ಒಳ್ಳೇ ಚರ್ಮದ ಸಾಮಾನಿನ ಅಂಗಡಿ ತೋರಿಸ್ತೀನಿ. ಊಟಾನೂ ಅಲ್ಲೇ. ಬ್ಯಾಗು, ಬೆಲ್ಟು, ಚಪ್ಪಲಿ..."

ದೊಡ್ಡಕ್ಕ ಎದ್ದು ನಿಂತಳು. "ಏನಂದೆ?"

"ಮೇಡಂ, ಕೂತ್ಕೊಳಿ. ಬಸ್ಸು ಹೋಗ್ತಿದೆ."

"ಬಸ್ಸು ಎಲ್ಲಿಗೆ ಹೋಗ್ತಿದೆ ಅಂತಾನೇ ಕೇಳ್ತಿರೋದು."

"ಮೆಟ್ಟಿಲಲ್ಲಿ ಏನಿದೆ ಮೇಡಂ, ನೀರು. ನೀರು ಎಲ್ಲಾ ಕಡೆ ಒಂದೇ."

ಅವಳು ಸೀಟುಗಳ ನಡುವೆ ನಡೆದು ಬಂದು ಅವನ ಕೈಯಿಂದ ಮೈಕು ಕಿತ್ತುಕೊಂಡಳು. ಅದು ಕಿರ್ರೆಂದಿತು. "ಎಲ್ರೂ ಕೇಳಿ! ನದಿ ತೋರಿಸ್ತೀವಿ ಅಂತ ಕರ್ಕೊಂಡ್ ಬಂದು ಚಪ್ಪಲಿ ಅಂಗಡಿಗೆ ನುಗ್ಗಿಸ್ತಿದಾನೆ ಇವ್ನು. ನಮ್ಮೂರಲ್ಲಿ ಚಪ್ಪಲಿ ಇಲ್ವಾ? ಈಗ ಬೇಕಂದ್ರೂ ನನ್ ಕಾಲಲ್ಲಿದೆ, ತೋರಿಸ್ಲಾ?"

ಬಸ್ಸು ಗೊಳ್ಳೆಂದಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಬ್ಯಾಗು ನೋಡೋಣವೆಂದು ಗೊಣಗಿತು. ಟೋಪಿ ಹಾಕಿದ್ದ ನಿವೃತ್ತ ಹೆಡ್‌ಮಾಸ್ತರರು "ನದಿ ಇಲ್ದೆ ನದಿಯೂರು ಹೇಗ್ರೀ ಆಗುತ್ತೆ?" ಎಂದು ಗದರಿದರು. ಪೀಪಿ ಮೈಕಿಗೆ ಕೈಚಾಚಿದ. ದೊಡ್ಡಕ್ಕ ಕೊಡಲಿಲ್ಲ. ಅಷ್ಟರಲ್ಲಿ ಬೆಳಿಗ್ಗೆಯಿಂದ ತುಟಿ ಬಿಚ್ಚದ ಡ್ರೈವರ್ ಯಾರನ್ನೂ ಕೇಳದೆ ಎಡಕ್ಕೆ ತಿರುಗಿಸಬೇಕಾದ ಬಸ್ಸನ್ನು ಬಲಕ್ಕೆ ತಿರುಗಿಸಿದ.

"ಏಯ್, ಏನ್ ಮಾಡ್ತಿದೀಯ?" ಎಂದ ಪೀಪಿ.

"ನಂಗೆ ಆ ಅಂಗಡಿಯೋನ ಊಟ ಸೇರಲ್ಲ" ಎಂದ ಡ್ರೈವರ್.

ಮೆಟ್ಟಿಲುಗಳು ಅಗಲವಾಗಿದ್ದವು. ಕೆಳಗಿನವು ಪಾಚಿಗಟ್ಟಿ ನೀರಿನೊಳಗೆ ಇಳಿದು ಮರೆಯಾಗುತ್ತಿದ್ದವು. ಮೇಲಿನ ಮೆಟ್ಟಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ದಪ್ಪಗಾಗಿದ್ದಳು, ಮುಂಗೂದಲು ನರೆತಿತ್ತು. ಒಂದು ಕ್ಷಣ ದೊಡ್ಡಕ್ಕನಿಗೆ ತಾಯಿಯೇ ಎದ್ದು ನಿಂತಂತೆ ಕಂಡಿತು. ಅದರಿಂದ ಅವಳ ಸಿಟ್ಟು ಇನ್ನೂ ಏರಿತು. ಆ ಮುಖ ಇವಳಿಗೆ ಯಾಕೆ ಬರಬೇಕಿತ್ತು?

"ಅಕ್ಕಾ" ಎಂದು ಪುಟ್ಟಿ ಒಂದು ಹೆಜ್ಜೆ ಮುಂದಿಟ್ಟಳು.

"ಅಲ್ಲೇ ನಿಲ್ಲು. ಔಷಧಿ ಸಿಕ್ತಾ?"

"ಏನು?"

"ಔಷಧಿ ತರ್ತೀನಿ ಅಂತ ಹೋದ್ಯಲ್ಲ. ಸಿಕ್ತಾ ಅಂತ ಕೇಳ್ದೆ."

ಪುಟ್ಟಿಯ ಮುಖ ಕಪ್ಪಿಟ್ಟಿತು. ದೊಡ್ಡಕ್ಕ ಶುರು ಮಾಡಿದಳು. ಮಸೆದಿಟ್ಟ ಮಾತುಗಳೆಲ್ಲ ಹೊರಗೆ ಬಂದವು. ಬೆನ್ನಿನ ಹುಣ್ಣು, ಒದ್ದೆ ಚಾದರ, ಎಕ್ಸ್‌ರೇಯವನು, ಒಂಟಿ ಮನೆ. "ಕೊನೇಗೆ ಅಮ್ಮಂಗೆ ನಾನು ಯಾರೂ ಅಲ್ಲ! ತೊಳೆಯೋದು ನಾನು, ತಿನ್ಸೋದು ನಾನು, ಹೆಸರು ಮಾತ್ರ ನಿಂದು. ಪುಟ್ಟಿ ಬಂದ್ಯಾ, ಪುಟ್ಟಿ ಬಂದ್ಯಾ ಅಂತ. ಹ್ಞೂಂ ಅಮ್ಮ ಬಂದೆ ಅಂತ ಹೇಳ್ಬೇಕಾಗಿ ಬಂತು ಕಣೇ ನಂಗೆ! ನೀನಾಗಿ ಬದುಕ್ಬೇಕಾಯ್ತು!"

ಮನೆಯಿಂದ ತಂದಿದ್ದ ತಿಂಡಿಯ ಪೊಟ್ಟಣ ಬಿಚ್ಚಿದ್ದ ಬಸ್ಸಿನವರೆಲ್ಲ ತುತ್ತು ಬಾಯಿಗಿಡದೆ ಕೂತಿದ್ದರು.

ಪುಟ್ಟಿ ಅಳುತ್ತಾಳೆಂದು ದೊಡ್ಡಕ್ಕ ಎಣಿಸಿದ್ದಳು. ಅವಳು ಅಳಲಿಲ್ಲ.

"ಆಯ್ತಾ ನಿಂದು? ಈಗ ನಂದು ಕೇಳು. ನಾನು ಕಳ್ಳಿ, ಸುಳ್ಳಿ, ಓಡಿಹೋದೋಳು. ಒಪ್ಕೊಂಡೆ. ವಾರಕ್ಕೆ ಬಂದು ಕಾಲಿಗೆ ಬೀಳೋಣ ಅಂದ್ಕೊಂಡಿದ್ದೆ, ಸೇತುವೆ ಮುಚ್ಚಿದ್ದು ನಾನಲ್ಲ. ಆದ್ರೆ ನೀನು? ಫೋನ್ ಮಾಡ್ದಾಗೆಲ್ಲ ಅಮ್ಮ ಮಲಗಿದ್ದಾಳೆ ಅಂದೆ. ಅಮ್ಮ ಸತ್ತಳು. ಆಮೇಲೂ ಫೋನ್ ಮಾಡ್ದೆ. ಆವಾಗ್ಲೂ ಮಲಗಿದ್ದಾಳೆ ಅಂದೆ! ಒಂದು ವರ್ಷ ಅಕ್ಕಾ! ಒಂದು ವರ್ಷ ನಾನು ಸತ್ತೋಳ ಆರೋಗ್ಯ ವಿಚಾರಿಸ್ದೆ. ಕೊನೆಗೆ ನಿಮ್ಮ ಕಡೆಯಿಂದ ಸರಕು ತಂದ, ನಮ್ಮ ಬೀದಿಯ ಲಾರಿ ಡ್ರೈವರ್ ಹೇಳ್ದ, ನನ್ ಗಂಡನ ಶೆಡ್ಡಲ್ಲಿ ಟೀ ಕುಡೀತಾ. ಅಯ್ಯೋ ಅವರು ಹೋಗಿ ಎಷ್ಟ್ ಕಾಲ ಆಯ್ತಲ್ಲ ಅಂತ. ನನ್ನಮ್ಮ ಸತ್ತದ್ದು ನಂಗೆ ಲಾರಿಯೋನು ಹೇಳ್ದ!"

ದೊಡ್ಡಕ್ಕ ಹಾಗೆ ಹೇಳಿದ್ದು ನಿಜ. ತಾಯಿ ಹೋದ ವಾರ ಬಂದ ಫೋನಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಅಳುವುದಕ್ಕಾದರೂ ಅವಳಿಗೆ ಅಮ್ಮ ಯಾಕೆ ಸಿಗಬೇಕು ಅನ್ನಿಸಿತ್ತು. ಆಮೇಲೆ ಅದೇ ರೂಢಿಯಾಯಿತು.

"ಹ್ಞೂಂ, ಹೇಳ್ದೆ" ಎಂದಳು. "ನಿಂಗೆ ಹಾಗೇ ಆಗ್ಬೇಕಿತ್ತು."

"ಆಗ್ಬೇಕಿತ್ತಾ?"

"ಹ್ಞೂಂ!"

ಪುಟ್ಟಿ ಅಕ್ಕನ ತೋಳು ಹಿಡಿದು ಜಗ್ಗಿದಳು. ದೊಡ್ಡಕ್ಕ ಕೊಡವಿಕೊಂಡಳು. ಇಬ್ಬರೂ ಒಂದೇ ಸಮನೆ ಕಿರುಚತೊಡಗಿದರು. ಸದ್ದಿಗೆ ದೋಣಿಯವರು ಹುಟ್ಟು ನಿಲ್ಲಿಸಿ ನೋಡಿದರು. ಪೀಪಿ ಓಡಿ ಬಂದ.

"ಮೇಡಂ, ಸಂಬಂಧಿಕರು ಯಾರೂ ಇಲ್ಲ ಅಂತ ಗಡಿಯಲ್ಲಿ ಹೇಳಿದ್ರಲ್ಲ? ನನ್ ಲೈಸೆನ್ಸ್ ಹೋಗುತ್ತೆ. ಯಾರಿವರು?"

"ಯಾರೋ! ನಂಗೇನ್ ಗೊತ್ತು?"

"ಗೊತ್ತಿಲ್ದೋರ ಜೊತೆ ಯಾರೂ ಇಷ್ಟು ಚೆನ್ನಾಗಿ ಜಗಳ ಆಡಲ್ಲ ಬಿಡಿ" ಎಂದ ಅವನು. ಮೂಲೆಯಲ್ಲಿ ಪೊಲೀಸನೊಬ್ಬ ಕತ್ತು ಎತ್ತುತ್ತಿದ್ದುದನ್ನು ಕಂಡು ಜೋರಾಗಿ ಸೀಟಿ ಊದಿದ. "ಎಲ್ರೂ ಬಸ್ಸಿಗೆ! ಎಲ್ರೂ ಬಸ್ಸಿಗೆ!"

ರೇಡಿಯೋ ಬಂದು ದೊಡ್ಡಕ್ಕನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಪುಟ್ಟಿ ಬಸ್ಸಿನ ಪಕ್ಕದಲ್ಲೇ ನಡೆಯುತ್ತ, ಕಿಟಕಿಗೆ ಅಂಗೈ ಬಡಿಯುತ್ತ ಕೂಗುತ್ತಿದ್ದಳು. "ಇನ್ನೂ ಮುಗಿದಿಲ್ಲ ನಂದು! ಕೇಳಿಸ್ತಾ? ಮುಗಿದಿಲ್ಲ!" ದೊಡ್ಡಕ್ಕ ಕಿಟಕಿ ಸರಿಸಿ "ನಂದೂ ಮುಗಿದಿಲ್ಲ ಹೋಗೇ!" ಎಂದು ಕಿರುಚಿದಳು. ಬಸ್ಸು ತಿರುಗಿತು.

ದಾರಿಯಲ್ಲಿ ಹೆಡ್‌ಮಾಸ್ತರರು ಸಮಾಧಾನ ಹೇಳಲು ಬಂದರು. "ರಕ್ತ ಸಂಬಂಧ ನೋಡಮ್ಮಾ, ಕ್ಷಮಿಸ್ಬಿಡು" ಎಂದರು. "ನಿಮ್ಮನ್ನ ಕೇಳಿದ್ನಾ?" ಎಂದಳು ದೊಡ್ಡಕ್ಕ. ಅವರು ಟೋಪಿ ಸರಿಮಾಡಿಕೊಂಡು ತಮ್ಮ ಸೀಟಿಗೆ ಮರಳಿದರು. ಅಂದು ಅವಳಿಗೆ ತಂಗಿಯ ಮೇಲೆ ಎಷ್ಟು ಸಿಟ್ಟು ಬಂದಿತ್ತೋ, ತನ್ನ ಮೇಲೂ ಅಷ್ಟೇ ಬಂದಿತ್ತು. ಎರಡನ್ನೂ ಬೇರೆ ಮಾಡುವುದು ಅವಳಿಗೆ ಆಗಲಿಲ್ಲ.

ಮುಂದಿನ ತಿಂಗಳು ದೊಡ್ಡಕ್ಕ ಮತ್ತೆ ಹೊರಟಳು. "ಇನ್ನೇನಿದೆ ಅಕ್ಕಾ ಅಲ್ಲಿ?" ಎಂದು ರೇಡಿಯೋ ಕೇಳಿದ್ದಕ್ಕೆ, "ಅರ್ಧ ಬೈದು ಬಂದಿದೀನಿ, ಪೂರ್ತಿ ಮಾಡ್ಬೇಡ್ವಾ?" ಎಂದಳು. ಪೀಪಿ ಅವಳನ್ನು ಬಸ್ಸಿನ ಬಾಗಿಲಲ್ಲಿ ಕಂಡವನೇ ಹಣೆಗೆ ಕೈ ಹಚ್ಚಿದ. ಆದರೆ ಚರ್ಮದ ಅಂಗಡಿಯ ಸುದ್ದಿ ಎತ್ತಲಿಲ್ಲ. ಆ ಸಲವೂ ಇಬ್ಬರೂ ಜಗಳವಾಡಿದರು, ಸ್ವಲ್ಪ ತಗ್ಗಿದ ದನಿಯಲ್ಲಿ, ಪೊಲೀಸನಿಗೆ ಬೆನ್ನು ಹಾಕಿ. ದೋಣಿ ಮೆಕ್ಯಾನಿಕ್ ದೂರದಲ್ಲಿ ನಿಂತು ಎಣ್ಣೆ ಹತ್ತಿದ ಕೈಗಳನ್ನು ಒರೆಸಿಕೊಳ್ಳುತ್ತಲೇ ಇದ್ದ. ಹತ್ತಿರ ಬರುವ ಧೈರ್ಯ ಮಾಡಲಿಲ್ಲ. ಮಾಡದಿದ್ದದ್ದು ಒಳ್ಳೆಯದೇ ಆಯಿತು.

ಮೂರನೆಯ ಸಲ ಹೋದಾಗ ಪುಟ್ಟಿ ಜಗಳ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕೂತು ಕೇಳಿದಳು: "ಅಮ್ಮ ಹೋದ ದಿನ ಏನಾಯ್ತು ಹೇಳು. ಎಲ್ಲಾನೂ ಹೇಳು."

"ಈಗ ಅದನ್ನ ಕಟ್ಕೊಂಡು ಏನ್ ಮಾಡ್ತೀಯ?"

"ಹೇಳು ಅಂದ್ನಲ್ಲ!"

ದೊಡ್ಡಕ್ಕ ಹೇಳಿದಳು. ಬೆಳಿಗ್ಗೆ ಗಂಜಿ ಎರಡು ಚಮಚ ಇಳಿದು ಮೂರನೆಯದು ತುಟಿಯಂಚಿನಲ್ಲಿ ಹರಿದದ್ದು, ಡಾಕ್ಟರು ಬರುವಷ್ಟರಲ್ಲಿ ಕೈ ತಣ್ಣಗಾದದ್ದು, ತಾಯಿಯ ಕೊನೆಯ ಚಾದರವನ್ನು ಬೇರೆ ಯಾರಿಗೂ ಕೊಡದೆ ತಾನೇ ಒಗೆದದ್ದು. ಎಲ್ಲವನ್ನೂ ಬೈಯುವ ಧಾಟಿಯಲ್ಲೇ ಹೇಳಿದಳು. ನಡುವೆ ಪುಟ್ಟಿ ಬಿಕ್ಕಿದಾಗ "ಸುಮ್ನೆ ಕೇಳೇ, ಸಮಯ ಇಲ್ಲ" ಎಂದು ಗದರಿದಳು. ಪೀಪಿ ಸೀಟಿಯನ್ನು ತುಟಿಯವರೆಗೆ ತಂದು, ಊದದೆ, ಬೇರೆ ಕಡೆ ನೋಡುತ್ತ ನಿಂತ.