ಇಸ್ತಾಂಬುಲ್‌ಗೆ ಮೊದಲು ಓದಿದ ಪುಸ್ತಕಗಳು

ಟರ್ಕಿಗೆ ಹೋಗುವುದೆಂದು ನಿಶ್ಚಯವಾದ ಮರುದಿನವೇ ನನ್ನ ಗಂಡ ಅಮೆರಿಕದಲ್ಲಿ ನಾವಿರುವ ಕ್ಯಾಂಟನ್‌ನ ಲೈಬ್ರರಿಯಿಂದ ಒಂಬತ್ತು ಪುಸ್ತಕ ಹೊತ್ತು ತಂದರು. ಅವರು ವಾರೆನ್‌ನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಎಂಜಿನಿಯರ್. ಪರೀಕ್ಷೆಯಾಗದೆ ಯಾವುದನ್ನೂ ರಸ್ತೆಗೆ ಬಿಡುವವರಲ್ಲ, ಹೆಂಡತಿಯನ್ನೂ ಸಹ.

"ಏನೂ ಓದದ ಹೋಗಿ ನಿಂತ್ರ ಏನ್ ತಿಳಿತೈತಿ? ಬರೇ ಗ್ವಾಡಿ ನೋಡ್ಕೊಂಡು ಬರಬೇಕಾಕ್ಕೈತಿ," ಎಂದರು. ಅವರು ಗದಗಿನವರು, ನಾನು ಮೈಸೂರಿನವಳು. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದರೂ ನಮ್ಮ ಕನ್ನಡಗಳು ಬೇರೆ ಬೇರೆಯಾಗಿಯೇ ಉಳಿದಿವೆ.

ಊಟದ ಮೇಜಿನ ಮೇಲೆ ಪಾಲು ನಡೆಯಿತು. ಇತಿಹಾಸದ ಪುಸ್ತಕಗಳೆಲ್ಲ ಅವರಿಗೆ, ಧರ್ಮದವು ನನಗೆ.

"ನೀವ್ಯಾಕೆ ಧರ್ಮ ಓದಲ್ಲ?"

"ನೀ ದಿನಾ ದೀಪಾ ಹಚ್ತಿ. ನಿನಗ ಲಗೂ ತಿಳಿತೈತಿ."

ನನ್ನ ಪಾಲಿನ ಮೊದಲ ಪುಸ್ತಕದ ಮುನ್ನುಡಿಯೇ ಮೂವತ್ತು ಪುಟ. ಹಿಂದಿನ ವಿದ್ವಾಂಸರೆಲ್ಲ ಹೇಗೆ ತಪ್ಪಿದ್ದಾರೆ ಎಂಬುದು ಅದರ ವಿಷಯ. ಆ ವಿದ್ವಾಂಸರು ಯಾರು, ಏನು ಹೇಳಿದ್ದರು ಎನ್ನುವುದೇ ನನಗೆ ಗೊತ್ತಿರಲಿಲ್ಲ, ಅಷ್ಟರಲ್ಲಿ ಅವರು ಸೋತೂ ಆಗಿತ್ತು. ಎರಡನೆಯದರಲ್ಲಿ ಬರಹಕ್ಕಿಂತ ಅಡಿಟಿಪ್ಪಣಿ ಹೆಚ್ಚು. ಮೂರನೆಯದು ಸಂತರ ಬಗ್ಗೆ. ಅದನ್ನು ಹಿಡಿದು ಸೋಫಾದ ಮೇಲೆ ಎಷ್ಟು ಸಲ ನಿದ್ದೆಹೋದೆನೋ ಲೆಕ್ಕವಿಲ್ಲ.

ಒಂದು ಶನಿವಾರ ಗಂಡನಿಗೆ ಹೇಳದೆ ಲೈಬ್ರರಿಗೆ ಹೋಗಿ, ಅಲ್ಲಿದ್ದ ವಯಸ್ಸಾದ ಲೈಬ್ರೇರಿಯನ್ ಹತ್ತಿರ ಕಷ್ಟ ಹೇಳಿಕೊಂಡೆ. ಆಕೆ ಕನ್ನಡಕದ ಮೇಲಿಂದ ನೋಡಿ, "ಪರೀಕ್ಷೆಗೆ ಓದುತ್ತಿದ್ದೀರೋ, ತಿಳಿದುಕೊಳ್ಳಲು ಓದುತ್ತಿದ್ದೀರೋ?" ಎಂದು ಕೇಳಿದರು. ತಿಳಿದುಕೊಳ್ಳಲು ಎಂದೆ. ಆಕೆ ಎದ್ದು ನನ್ನನ್ನು ನೇರವಾಗಿ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋದರು.

ಅಲ್ಲಿ ತೆಗೆದುಕೊಟ್ಟ ಪುಸ್ತಕದಲ್ಲಿ ದೊಡ್ಡ ಅಕ್ಷರ, ಬಣ್ಣದ ಚಿತ್ರ. ಚರ್ಚು ಹೇಗಿರುತ್ತದೆ, ಮಸೀದಿ ಹೇಗಿರುತ್ತದೆ, ಯಾರು ಯಾವ ದಿಕ್ಕಿಗೆ ತಿರುಗಿ ಪ್ರಾರ್ಥಿಸುತ್ತಾರೆ, ಎಲ್ಲವೂ ಇತ್ತು. ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂತು ಅಲ್ಲೇ ಅರ್ಧ ಓದಿದೆ. ಮಿಕ್ಕದ್ದನ್ನು ಓದಲು ಮನೆಗೆ ತಂದು ಲಟ್ಟಣಿಗೆ ಇಡುವ ಡ್ರಾಯರಿನಲ್ಲಿ ಬಚ್ಚಿಟ್ಟೆ. ಆನ್ ಆರ್ಬರ್‌ನಲ್ಲಿ ಓದುವ ಮಗಳು ವಾರಾಂತ್ಯಕ್ಕೆ ಬಂದವಳು ಅದನ್ನು ಹುಡುಕಿಬಿಟ್ಟಳು.

"ಅಮ್ಮ, ದಿಸ್ ಈಸ್ ಫಾರ್ ಫಿಫ್ತ್ ಗ್ರೇಡರ್ಸ್."

"ಅಪ್ಪಂಗೆ ಹೇಳ್ಬೇಡ."

ಅಪ್ಪ ಬೇಸ್‌ಮೆಂಟಿನಲ್ಲಿ ಹಳದಿ ಚೀಟಿ ಅಂಟಿಸುತ್ತ ಸಾಮ್ರಾಟರ ಮೇಲೆ ಸಾಮ್ರಾಟರನ್ನು ದಾಟುತ್ತಿದ್ದರು. ಆದರೆ ಹೊರಡುವ ದಿನ ಬಂದಾಗಲೂ ಅವರ ಪುಸ್ತಕದಲ್ಲಿ ತುರ್ಕರು ಇಸ್ತಾಂಬುಲ್ ತಲುಪಿರಲಿಲ್ಲ. ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಬ್ಯಾಗು ಮೂರು ಪೌಂಡ್ ಹೆಚ್ಚು ತೂಗಿತು. ನನ್ನ ಎರಡು ಜೊತೆ ಚಪ್ಪಲಿ ಕೈಚೀಲಕ್ಕೆ ಬಂದವು, ಇತಿಹಾಸ ಒಳಗೇ ಉಳಿಯಿತು.

ಇಸ್ತಾಂಬುಲ್‌ನಲ್ಲಿ, ಒಂದು ಕಾಲಕ್ಕೆ ಚರ್ಚಾಗಿದ್ದು ಆಮೇಲೆ ಮಸೀದಿಯಾದ ಆ ದೊಡ್ಡ ಗುಮ್ಮಟದ ಕೆಳಗೆ ನಿಂತು ಅವರು ಅರ್ಧ ಗಂಟೆ ಸಾಮ್ರಾಟರ ಕತೆ ಹೇಳಿದರು. ಚೆನ್ನಾಗಿಯೇ ಹೇಳಿದರು. ನಾನು ಮೇಲೆ ತೂಗುಹಾಕಿದ್ದ ಅರಬ್ಬಿ ಅಕ್ಷರದ ದೊಡ್ಡ ದುಂಡು ಫಲಕಗಳನ್ನು ತೋರಿಸಿ, ಅವು ಏನು ಎಂದೆ.

"ಅಲ್ಲಿತನಕಾ ನಾ ಇನ್ನೂ ಬಂದಿಲ್ಲ."

"ಅಲ್ಲಾಹ್, ಪ್ರವಾದಿ, ನಾಲ್ಕು ಜನ ಖಲೀಫರು, ಪ್ರವಾದಿಯ ಇಬ್ಬರು ಮೊಮ್ಮಕ್ಕಳು. ಅವರ ಹೆಸರುಗಳು," ಎಂದೆ.

"ಯಾವ ಪುಸ್ತಕದಾಗ ಐತಿ ಇದು?"

"ನೀವೇ ಕೊಟ್ರಲ್ಲ, ಅದ್ರಲ್ಲಿ." ಅಂಥ ಜಾಗದಲ್ಲಿ ನಿಂತು ಸುಳ್ಳು ಹೇಳಿದೆ.

ಮರುದಿನ ಬೆಳಿಗ್ಗೆ ಹೋಟೆಲಿನ ಹಿಂದಿನ ಬೀದಿಯ ಚಿಕ್ಕ ಮಸೀದಿಗೆ ಹೋದೆವು. ಅಂಗಳದಲ್ಲಿ ಬೂಟು ಬಿಚ್ಚಲು ಬಗ್ಗಿದಾಗ ನನ್ನ ಗಂಡನ ಕೊರಳಿನ ಬೆಳ್ಳಿ ಕರಡಿಗೆ ಅಂಗಿಯಿಂದ ಹೊರಗೆ ಜಾರಿತು. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ ಮುದುಕರೊಬ್ಬರು ಅದನ್ನು ನೋಡಿ, ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಿಂದೆ ಹಡಗಿನಲ್ಲಿ ಕೆಲಸ ಮಾಡಿದವರಂತೆ.

"ಗಾಡ್," ಎಂದರು ನನ್ನ ಗಂಡ. ಆರುನೂರು ಪುಟ ಓದಿಕೊಂಡು ಬಂದ ಮನುಷ್ಯ ಒಂದು ಕೈಯಲ್ಲಿ ಬೂಟು ಹಿಡಿದು ಬೆವರುತ್ತ ನಿಂತರು.

ಮುದುಕರೇ ಪ್ರಶ್ನೆಯನ್ನು ಸುಲಭ ಮಾಡಿದರು. "ಇದನ್ನು ಕೊಟ್ಟವರು ಏನು ಮಾಡು ಎಂದು ಹೇಳಿದ್ದರು?"

ಆಗ ನನ್ನ ಗಂಡ ತಡವರಿಸುತ್ತ ಹೇಳಿದರು. ಎಂಟನೆಯ ವಯಸ್ಸಿನಲ್ಲಿ ಗುರುಗಳು ಕಟ್ಟಿದ ಇಷ್ಟಲಿಂಗ ಇದು. ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂರು, ಏನನ್ನೂ ಬೇಡಬೇಡ ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಈಗಲೂ ಕೆಲಸಕ್ಕೆ ಹೊರಡುವ ಮೊದಲು ಹಾಗೆ ಕೂರುತ್ತೇನೆ, ಆದರೆ ಬೇಡುವುದು ಮಾತ್ರ ನಿಂತಿಲ್ಲ ಎಂದರು.

ಮುದುಕರು ತಲೆಯಾಡಿಸಿದರು. "ಅದೇ ಕಷ್ಟ," ಎಂದರು.

ಅಜ್ಜಿಯ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಇಷ್ಟಲಿಂಗ ಕ್ಯಾಂಟನ್‌ನ ದೇವರ ಕಪಾಟಿನಲ್ಲಿ ಭದ್ರವಾಗಿತ್ತು. ಆ ಮುದುಕರು ನನ್ನನ್ನು ಏನೂ ಕೇಳಲಿಲ್ಲ, ಪುಣ್ಯ.

ಮುದುಕರು ಎದುರಿನ ಅಂಗಡಿಯಿಂದ ಮೂರು ಲೋಟ ಚಹಾ ತರಿಸಿದರು. ಅಮೆರಿಕದಲ್ಲಿ ನಮ್ಮ ಕಡೆ ಹಿಮ ಎಷ್ಟು ಬೀಳುತ್ತದೆ, ಹಿಮದಲ್ಲಿ ಕಾರು ಹೇಗೆ ನಿಲ್ಲುತ್ತದೆ ಎಂದು ಕೇಳಿದರು. ಅದಕ್ಕೆ ನನ್ನ ಗಂಡನ ಹತ್ತಿರ ತಡವರಿಕೆಯೇ ಇರಲಿಲ್ಲ. ಅವರು ಚಹಾ ಆರುವಷ್ಟು ಹೊತ್ತು ಮಾತಾಡಿದರು.

ಹೋಟೆಲಿಗೆ ಮರಳುವ ದಾರಿಯಲ್ಲಿ ಗಂಡ ಕೇಳಿದರು, "ನಿನ್ನ ಕೇಳಿದ್ರ ಏನ್ ಹೇಳ್ತಿದ್ದಿ?"

"ಇವರನ್ನ ಕೇಳಿ ಅಂತಿದ್ದೆ."

ಅವರು ನಗುತ್ತ ಟ್ರಾಮಿನ ಹಳಿ ದಾಟಿದರು. ಆ ಬದಿಗೆ ಹೋಗಿ ನಿಂತು, ಅಜ್ಜಿ ಇನ್ನೂ ಏನೇನೋ ಹೇಳಿದ್ದಳು, ನೆನಪು ಮಾಡಿಕೊಳ್ಳಬೇಕು ಎಂದರು.