ಡಾ. ಶರಣಬಸಮ್ಮನವರು ಬಿಟ್ಟುಕೊಡದ ಐದನೆಯ ಅಧ್ಯಾಯ

ದೇಶದಿಂದ ದೇಶಕ್ಕೆ ಹರಿಯುವ ಬಂಡವಾಳವನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡುವವರು ಮುಂಬಯಿ, ದೆಹಲಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದೇ ವಿಷಯವನ್ನು ಮಹಾರಾಷ್ಟ್ರದ ಗಡಿಯ ಉಮರ್ಗಾ, ಉದಗೀರದ ತರಗತಿಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿ, ಆ ಶಾಸ್ತ್ರಕ್ಕೆ ತಮ್ಮದೇ ಆದ ವಿಚಾರವೊಂದನ್ನು ಸೇರಿಸಿದವರು ಡಾ. ಶರಣಬಸಮ್ಮನವರು. ಉದಗೀರದ ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಅವರು ಈ ವರ್ಷ ನಿವೃತ್ತರಾಗುತ್ತಿರುವುದು ಗಡಿನಾಡಿನ ಶಿಷ್ಯಬಳಗಕ್ಕೆಲ್ಲ ಹೆಮ್ಮೆಯ ಸಂದರ್ಭ.

ನಿಲಂಗಾದ ಕಾಳುಕಡಿ ವ್ಯಾಪಾರಿ ವಿಶ್ವನಾಥಪ್ಪನವರ ಮಗಳಾಗಿ ಹುಟ್ಟಿದ ಅವರು ಉಮರ್ಗಾದಲ್ಲಿ ಉಪನ್ಯಾಸಕಿಯಾದಾಗ ದೇಶದ ಬಾಗಿಲು ವಿದೇಶಿ ಬಂಡವಾಳಕ್ಕೆ ಆಗತಾನೇ ತೆರೆದುಕೊಳ್ಳುತ್ತಿತ್ತು. ಬರುವ ಹಣವನ್ನು ಎಲ್ಲರೂ ಲೆಕ್ಕ ಹಾಕುತ್ತಿದ್ದ ಆ ದಿನಗಳಲ್ಲಿ, ಬಂದದ್ದು ಒಮ್ಮೆಲೇ ಎದ್ದು ಹೊರಟರೆ ಗತಿ ಏನೆಂದು ಅವರು ಕೇಳಿಕೊಂಡರು. ಅದೇ ಅವರ ಪಿಎಚ್.ಡಿ. ಸಂಶೋಧನೆಯಾಯಿತು. ಕಾರ್ಖಾನೆ ಕಟ್ಟಲು ಬಂದ ಬಂಡವಾಳಕ್ಕೆ ಬೇರು ಬೇಗ ಇಳಿಯುತ್ತದೆ. ಷೇರು, ಸಾಲಪತ್ರಗಳಿಗೆಂದು ಬಂದದ್ದು ಒಂದು ಗಾಳಿಸುದ್ದಿಗೆ ಹೊರಟುಬಿಡಬಲ್ಲದು. ಆದ್ದರಿಂದ ಅಂಥ ಅಲ್ಪಾವಧಿಯ ಹಣದ ಒಂದು ಪಾಲನ್ನು ಬಡ್ಡಿಯಿಲ್ಲದೆ ಕೇಂದ್ರ ಬ್ಯಾಂಕಿನಲ್ಲಿ ಕೆಲಕಾಲ ಇಡಿಸಿಕೊಳ್ಳುವುದು ವಿವೇಕದ ಕೆಲಸವೆಂದು ತಮ್ಮ ಐದನೆಯ ಅಧ್ಯಾಯದಲ್ಲಿ ವಾದಿಸಿದರು.

ಬಾಹ್ಯ ಪರೀಕ್ಷಕರು ಒಪ್ಪಲಿಲ್ಲ. ಇಂಥ ನಿರ್ಬಂಧದ ಕಾಲ ಮುಗಿಯಿತು, ಈ ಅಧ್ಯಾಯ ತೆಗೆದರೆ ಮಾತ್ರ ಪದವಿ ಎಂದು ಬರೆದರು. ಅದೇ ಹೊತ್ತಿಗೆ ಉದಗೀರದಲ್ಲಿ ಹಿರಿಯ ಹುದ್ದೆಯೊಂದು ತೆರವಾಗಿತ್ತು. ಅದಕ್ಕೆ ಪದವಿ ಬೇಕಿತ್ತು. ಮಾರ್ಗದರ್ಶಕರಾದ ಪ್ರೊ. ಉಮಾಕಾಂತ ಅವರಿಗೆ ಶಿಷ್ಯೆಯ ಹಿತದ ಚಿಂತೆ.

“ಶರಣಬಸಮ್ಮ, ಅದೊಂದು ತಗದಬಿಡ್ರಿ. ಮದಲ ಡಿಗ್ರಿ ಕೈಗಿ ಬರ್ಲಿ. ಆಮ್ಯಾಲ ಅದನ್ನ ಪುಸ್ತಕ ಮಾಡ್ರಿ, ಯಾರ್ ಬ್ಯಾಡಂತಾರ?”

“ಸರ್, ಉಳದ ನಾಕೂ ಅಧ್ಯಾಯದಾಗ ಮಂದಿ ಹೇಳಿದ್ದ ಅದ ರೀ. ನಾ ಹೇಳಿದ್ದು ಇದೊಂದ. ಇದನ್ನ ತಗದು ಡಿಗ್ರಿ ಹ್ಯಾಂಗ್ ತಗೋಳ್ಲಿ?”

ಹುದ್ದೆ ಬೇರೆಯವರ ಪಾಲಾಯಿತು. ಆ ಸಂಜೆ ಮನೆಯಲ್ಲಿ ಅವರು ಅತ್ತದ್ದುಂಟು. ಮರುದಿನ ಮೊದಲ ತಾಸಿಗೆ ಎಂದಿನಂತೆ ತರಗತಿಯಲ್ಲಿದ್ದದ್ದೂ ಉಂಟು.

ಮುಂದಿನ ವರ್ಷ, 1997ರ ಜುಲೈಯಲ್ಲಿ, ಥಾಯ್ಲೆಂಡಿನ ನಾಣ್ಯ ಕುಸಿಯಿತು. ಹರಿದುಬಂದ ಹಣ ಹಿಂದಿರುಗಿತು. ನೆರೆಯ ದೇಶಗಳೂ ತತ್ತರಿಸಿದವು. ಪತ್ರಿಕೆ ಹಿಡಿದುಕೊಂಡೇ ಬಸ್ಸು ಹತ್ತಿ ಉಮಾಕಾಂತರು ಉಮರ್ಗಾಕ್ಕೆ ಬಂದರು. “ನೀವ್ ಅಂದದ್ದ ಆತು ನೋಡ್ರಿ! ಇದ್ದದ್ದ ಇದ್ದಂಗ ಕೊಟ್ಟಬಿಡ್ರಿ. ಈಗ ಯಾರ ತಡೀತಾರ?”

ಗೆದ್ದವರ ಸಂತೋಷ ಶಿಷ್ಯೆಯ ಮುಖದಲ್ಲಿ ಕಾಣಲಿಲ್ಲ. ಅಲ್ಲಿ ಕೆಲಸ ಕಳೆದುಕೊಂಡವರ ಸುದ್ದಿ ಅವರನ್ನು ಕಾಡುತ್ತಿತ್ತು. ಅದಕ್ಕಿಂತಲೂ ತಮ್ಮ ವಾದದಲ್ಲಿ ಕಂಡ ಬಿರುಕು ಕಾಡುತ್ತಿತ್ತು. “ಇಲ್ಲ ರೀ ಸರ್, ಅರ್ಧಾನ ಆಗ್ಯದ. ಹೊರಗಿನವ್ರು ಓಡಿಹೋಗ್ತಾರ ಅಂತ ನಾ ಬರದಿದ್ದೆ. ಅಲ್ಲಿ ಊರವ್ರೂ ಡಾಲರ್‌ದಾಗ ಸಾಲಾ ಮಾಡಿ ಕೂತಿದ್ರು. ನಾಣ್ಯ ಬಿದ್ದ ಕೂಡ್ಲೆ ಡಾಲರ್ ಕೊಳ್ಳಾಕ ಅವ್ರೂ ಓಡ್ಯಾರ. ಅದು ನನಗ ಹೊಳದಿರ್ಲಿಲ್ಲ. ಮತ್ತ ಬರೀತೀನಿ.”

ಕೈಗೆ ಬಂದ ಪದವಿಯನ್ನು ಹೀಗೆ ಇನ್ನೂ ಒಂದೂವರೆ ವರ್ಷ ತಾವೇ ದೂರವಿಟ್ಟು, ಆ ಅಧ್ಯಾಯವನ್ನು ಬುಡದಿಂದ ಬರೆದರು. ದೇಶದೊಳಗಿನವರ ಡಾಲರ್ ಸಾಲಕ್ಕೆ ಮಿತಿ, ಕಷ್ಟಕಾಲಕ್ಕೆ ವಿದೇಶಿ ವಿನಿಮಯದ ಮೀಸಲು, ಇವೆರಡೂ ಅದರಲ್ಲಿ ಸೇರಿದವು. ಹೊಸ ಪರೀಕ್ಷಕರು ಮೆಚ್ಚಿ ಬರೆದದ್ದು ಈ ಅಧ್ಯಾಯವನ್ನೇ. ಉದಗೀರದ ಹುದ್ದೆ ಮತ್ತೆ ತೆರವಾದಾಗ, ತಡವಾಗಿಯಾದರೂ ಅವರದಾಯಿತು. ಅಧ್ಯಾಯ ಪುಸ್ತಕವಾಗಿ ಕನ್ನಡ, ಮರಾಠಿ ಎರಡೂ ಭಾಷೆಗಳಲ್ಲಿ ಬಂದಿತು.

ಅವರ ದೊಡ್ಡತನಕ್ಕೆ ಇಷ್ಟೇ ಸಾಕ್ಷಿಯಾಗಿದ್ದರೆ ಈ ಲೇಖನ ಇಲ್ಲಿಗೆ ನಿಲ್ಲಬಹುದಿತ್ತು. ವಲಾಂಡಿಯ ಮಯೂರಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಹಾಸ್ಟೆಲಿನಲ್ಲಿ ಜಾಗ ಸಿಗದೆ ಓದು ಬಿಡಲು ಹೊರಟಿದ್ದ ಆ ಹುಡುಗಿಯನ್ನು ಎರಡು ವರ್ಷ ತಮ್ಮ ಮನೆಯಲ್ಲಿಟ್ಟುಕೊಂಡು, ತಾವೇ ರೊಟ್ಟಿ ಬಡಿದು ಹಾಕಿ ಓದಿಸಿದರು. 2013ರಲ್ಲಿ ವಿದೇಶಿ ಹಣ ನಮ್ಮಲ್ಲಿಂದಲೂ ಹೊರಟು ರೂಪಾಯಿ ಜಾರಿದಾಗ ಮಯೂರಿ ಸಂಶೋಧನೆಗೆ ತೊಡಗಿದಳು. ಕೊನೆಗೆ ಅವಳು ಮುಟ್ಟಿದ ತೀರ್ಮಾನ ಗುರುಗಳ ಪುಸ್ತಕಕ್ಕೆ ನೇರ ವಿರುದ್ಧ. ನಿರ್ಬಂಧಗಳಿಂದ ಪಾರಾಗುವ ದಾರಿ ದೊಡ್ಡ ಕಂಪನಿಗಳಿಗೆ ಗೊತ್ತಿರುತ್ತದೆ, ಕಚೇರಿ ಅಲೆಯುವವರು ಸಣ್ಣ ರಫ್ತುದಾರರು; ನಾಣ್ಯದ ಬೆಲೆ ಏರಿಳಿಯಲು ಬಿಡುವುದೇ ಲೇಸು ಎಂಬುದು ಅವಳ ವಾದ. ಹೇಳಲು ಹೆದರಿ ವಾರಗಟ್ಟಲೆ ಮನೆಯ ಕಡೆ ಸುಳಿಯಲಿಲ್ಲ. ಶರಣಬಸಮ್ಮನವರೇ ಕರೆಸಿ, ಇಡೀ ಪ್ರಬಂಧ ಓದಿ, ಅವಳನ್ನು ಎದುರಿಗೆ ಕೂರಿಸಿಕೊಂಡರು.

“ಮೇಡಂ, ಸಿಟ್ಟಿಗಿ ಬಂದೀರೇನ್ರಿ?”

“ಹುಚ್ಚಿ, ನನಗ ಹೂಂ ಅನ್ನಾಕ ಇಷ್ಟ ಓದಿಸಿದ್ನೇನ? ನಿನ್ನ ಮಾತ ನಾ ಒಪ್ಪಂಗಿಲ್ಲ. ಖರೇ, ಭಾಳ ಚಲೋ ಬರದಿ. ಒಂದಕ್ಷರ ತಗೀಬ್ಯಾಡ.”

ಮಯೂರಿ ಇಂದು ಅದೇ ವಿಭಾಗದಲ್ಲಿ ಅಧ್ಯಾಪಕಿ. ಗುರುಗಳ ಪುಸ್ತಕದ ಹೊಸ ಆವೃತ್ತಿ ಸಿದ್ಧವಾಗುತ್ತಿದೆ. ಅದರ ಕೊನೆಯಲ್ಲಿ ಮಯೂರಿಯ ಖಂಡನೆ ಅವಳ ಹೆಸರಿನಲ್ಲಿಯೇ ಅಚ್ಚಾಗಲಿದೆ, ಅದಕ್ಕೊಂದು ಉತ್ತರವನ್ನು ಶರಣಬಸಮ್ಮನವರು ಬರೆಯುತ್ತಿದ್ದಾರೆ. ಮರು ಉತ್ತರಕ್ಕೆ ಜಾಗ ಬಿಡಿರೆಂದು ಮಯೂರಿ ಈಗಾಗಲೇ ತಕರಾರು ತೆಗೆದಿದ್ದಾಳೆ. ಶರಣರ ಕೃಪೆಯಿಂದ ಮೇಡಂ ಅವರಿಗೆ ನೂರು ವರ್ಷದ ಆಯುಸ್ಸು, ಆರೋಗ್ಯ ದೊರೆಯಲಿ. ಈ ಜಗಳ ಅಷ್ಟು ದಿನವೂ ನಡೆಯಲಿ.