ಅಂಗಡಿ ಹೊಸ್ತಿಲು ದಾಟದ ಕ್ಯಾಮೆರಾ

ಚನ್ನರಾಯಪಟ್ಟಣದ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥಕ್ಕೆ ಫೋಟೋ ತೆಗೆಯುತ್ತೇನೆಂದು ಒಪ್ಪಿಕೊಂಡಾಗ ನನ್ನ ಬಳಿ ಕ್ಯಾಮೆರಾವೇ ಇರಲಿಲ್ಲ. ಫೋಟೋ ತೆಗೆಯಲು ಬರುತ್ತಿತ್ತೇ ಎಂಬುದು ಬೇರೆ ಮಾತು. ಚಿಕ್ಕಪ್ಪ ಸ್ಟುಡಿಯೋದವರನ್ನೇ ಕರೆಸುತ್ತೇನೆಂದು ಕೂತಿದ್ದರು. ಚಿಕ್ಕಮ್ಮ ಹಟ ಹಿಡಿದು ನನ್ನ ಪರ ನಿಂತಳು. ನಿಶ್ಚಿತಾರ್ಥದ ಹುಡುಗಿ, ಆ ತಂಗಿಯೇ ಫೋನಿನಲ್ಲಿ ಗೋಗರೆದಳು:

"ಅಣ್ಣಾ, ಬೇರೆ ಏನಾದ್ರೂ ಹಾಳ್ ಮಾಡ್ಕೊ. ಉಂಗ್ರ ಹಾಕೋದ್ ಒಂದು ಬಂದ್ಬುಡ್ಬೇಕು, ಅಷ್ಟೇ."

ಅರಕಲಗೂಡಿನಿಂದ ಬಸ್ಸು ಹತ್ತಿ ಹಾಸನಕ್ಕೆ ಹೋದೆ. ಅಂಗಡಿಯವನು ಗಾಜಿನ ಬೀರುವಿನಿಂದ ಫಳಫಳ ಹೊಳೆಯುವ ಕ್ಯಾಮೆರಾ ತೆಗೆದ.

"ಡೆಮೊ ಪೀಸ್ ಸಾ. ಅದ್ಕೇ ಡಿಸ್ಕೌಂಟು."

"ಎಷ್ಟು ಓಡೈತೆ?" ಹಳೆ ಬೈಕು ಕೊಳ್ಳುವವನ ಗತ್ತಿನಲ್ಲಿ ಕೇಳಿದೆ.

"ಎಲ್ ಓಡಾದು ಸಾ? ಅಂಗ್ಡಿ ಹೊಸ್ಲೇ ದಾಟಿಲ್ಲ."

ಕೊಂಡುಬಿಟ್ಟೆ. ಹೊಳೆನರಸೀಪುರದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನ ಹೊಟ್ಟೆ ಉರಿಸಲೆಂದು ಸುತ್ತಿ ಬಳಸಿ ಅವನಲ್ಲಿಗೆ ಹೋದೆ. ಅವನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಶಟರ್ ಇದುವರೆಗೆ ಎಷ್ಟು ಸಲ ಬಡಿದಿದೆ ಎಂದು ನೋಡಿ, ಒಂದು ಲೋಟ ನೀರು ಕುಡಿದ.

"ಲೇ, ನನ್ ಕ್ಯಾಮ್ರಾಕ್ಕಿಂತ ಜಾಸ್ತಿ ದುಡಿದೈತೆ ಕಣ್ಲಾ ಇದು. ಶಟರ್‌ಗೂ ಆಯಸ್ಸು ಅಂತಿರ್ತದೆ. ಯಾವಾಗ್ ಕೈ ಕೊಡ್ತದೋ!"

ಅಲ್ಲಿಂದಲೇ ಅಂಗಡಿಗೆ ಫೋನು ಹಚ್ಚಿ ಕೂಗಾಡಿದೆ.

"ನಾನೇನ್ ಸುಳ್ ಏಳಿದ್ನಾ ಸಾ? ಬಂದೋರೆಲ್ಲಾ ಒಳಗೇ ಒತ್ತಿ ಒತ್ತಿ ನೋಡವ್ರೆ. ಪಾಸ್‌ಪೋರ್ಟ್ ಫೋಟೋನೂ ಒಳಗೇ ತಗ್ದಿದೀವಿ. ಸೆಕೆಂಡ್ ಹ್ಯಾಂಡ್ ಅಂದ್ರೆ ಒಬ್ಬನ ಕೈಯಿಂದ ಬಂದಿದ್ದು. ಡೆಮೊ ಅಂದ್ರೆ ಊರೋರ್ ಕೈಯೆಲ್ಲಾ ಸುತ್ತಿದ್ದು, ಬಿಲ್ ಮಾತ್ರ ಮೊದ್ಲು ನಿಮ್ ಎಸ್ರಿಗೆ!"

ನಿಶ್ಚಿತಾರ್ಥ ಮಾರನೆಯ ದಿನವೇ. ನಾನೊಂದು ಮಹಾ ಉಪಾಯ ಹೂಡಿದೆ: ಶಟರಿನ ಕೊನೆಯುಸಿರನ್ನು ಉಂಗುರಕ್ಕೆಂದೇ ಉಳಿಸುವುದು. ಹಾಗಾಗಿ ನೆಂಟರು ಎದುರು ನಿಂತಾಗಲೆಲ್ಲ ಕ್ಯಾಮೆರಾವನ್ನು ಕಣ್ಣಿಗಿಟ್ಟುಕೊಂಡು, ಗುಂಡಿ ಒತ್ತದೆ, ಶಟರ್ ಬಡಿದ ಹಾಗೆ ಬಾಯಲ್ಲೇ 'ಕ್ಲಚ್' ಎನ್ನುತ್ತಿದ್ದೆ. ಚಿಕ್ಕಪ್ಪ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದರು.

"ಈ ಕಡೆಯಿಂದ ಇನ್ನೊಂದ್ ತಗಿಲಾ."

"ಕ್ಲಚ್."

ಉಂಗುರದ ಗಳಿಗೆ ಬಂತು. ಮಂಡಿಯೂರಿದೆ, ಉಸಿರು ಬಿಗಿಹಿಡಿದೆ. ಉಂಗುರ ಹುಡುಗನ ಬೆರಳಿಗಿಳಿಯುವ ಸರಿಯಾದ ಕ್ಷಣಕ್ಕೆ ಅಚ್ಚುಕಟ್ಟಾಗಿ 'ಕ್ಲಚ್' ಎಂದೆ. ಬಾಯಲ್ಲಿ. ಬೆಳಗಿನಿಂದ ನಾಲಿಗೆಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಹೆಮ್ಮೆಯಿಂದ ಪರದೆ ನೋಡಿದರೆ ಕಾರ್ಡು ಖಾಲಿ! ನನ್ನ ಮುಖ ಕಂಡ ತಂಗಿಗೆ ಎಲ್ಲವೂ ಅರ್ಥವಾಯಿತು.

"ಬಾಯಲ್ ತಗ್ದ್ಯೇನೋ ಅಣ್ಣಾ?"

"ಇನ್ನೊಂದ್ಸಲ ಹಾಕವ್ವ," ಎಂದು ಕೈಮುಗಿದೆ.

ಹಾಕಲು ಮೊದಲು ತೆಗೆಯಬೇಕಲ್ಲ? ಉಂಗುರ ಕದಲಲಿಲ್ಲ. ಚಿಕ್ಕಮ್ಮ ಬಚ್ಚಲಿನಿಂದ ಸೋಪು ತಂದಳು. ಪುರೋಹಿತರು ಬೇರೆ ಕಡೆ ನೋಡುತ್ತಾ ಕೂತರು. ಹುಡುಗ ಹಲ್ಲು ಕಚ್ಚಿ ಎಳೆದ, ತಂಗಿ ನೊರೆಯ ಬೆರಳಿಗೆ ಮತ್ತೆ ಉಂಗುರ ತೊಡಿಸುತ್ತಾ ಬಿದ್ದು ಬಿದ್ದು ನಕ್ಕಳು. ನಾನು ಗುಂಡಿ ಒತ್ತಿದವನು ಕೈಯೇ ತೆಗೆಯಲಿಲ್ಲ. ಶಟರ್ ಟಕಟಕ ಬಡಿಯಿತು, ಸಾಯಲಿಲ್ಲ.

ನೊರೆಯ ಸಮೇತ ಆ ಫೋಟೋ ತಂಗಿಯ ವಾಟ್ಸಾಪ್ ಡಿಪಿಯಲ್ಲಿ ಇವತ್ತಿಗೂ ಇದೆ. ಮದುವೆಗೆ ಮಾತ್ರ ಅವಳೇ ಸ್ಟುಡಿಯೋದವರಿಗೆ ಹೇಳಿದ್ದಾಳೆ. ನನ್ನನ್ನು ಊಟಕ್ಕೆ ಕರೆದಿದ್ದಾಳೆ.